ಹಳೆಯ ಕಾರಿನ ಕುಲಗೋತ್ರ

ಸಕಲೇಶಪುರ, ಆಲೂರು ಸೀಮೆಯ ತೋಟದ ಮನೆಗಳಲ್ಲಿ ಮಾತು ಮಳೆ, ಕಾಫಿಯ ಧಾರಣೆ, ಆನೆಗಳ ಹಾವಳಿ ಇವನ್ನೆಲ್ಲ ದಾಟಿ ಹಿಂದಿನ ಕಾಲದ ಕಡೆಗೆ ಹೊರಳಿತೆಂದರೆ ಒಂದು ವಾಕ್ಯ ಬಹುಮಟ್ಟಿಗೆ ಬಂದೇ ಬರುತ್ತದೆ: "ನಮ್ಮನೇಲೂ ಒಂದು ಇಂಗ್ಲೆಂಡ್ ಕಾರಿತ್ತು." ಯಾವ ಕಾರು ಎಂದು ಕೇಳಿದರೆ ಉತ್ತರ ಮಬ್ಬಾಗುತ್ತದೆ. ಉದ್ದ ಮೂತಿಯದು, ಎರಡೇ ಬಾಗಿಲಿನದು, ಯಾರೋ ದೊರೆ ತೋಟ ಮಾರಿ ಹಡಗು ಹತ್ತುವಾಗ ಬಿಟ್ಟುಹೋದದ್ದು, ಸಿನಿಮಾದಲ್ಲಿ ಬರುವಂಥದ್ದು. ಕೊನೆಗೆ ಒಬ್ಬರು ಜಾಗ್ವಾರ್ ಎನ್ನುತ್ತಾರೆ, ಇನ್ನೊಬ್ಬರು ಆಸ್ಟನ್ ಮಾರ್ಟಿನ್ ಎನ್ನುತ್ತಾರೆ. ಅಲ್ಲಿಗೆ ಕಾರಿನ ನಾಮಕರಣ ಮುಗಿಯುತ್ತದೆ.

ಇದು ಬರಿಯ ಹರಟೆಯಾಗಿದ್ದರೆ ನಕ್ಕು ಸುಮ್ಮನಾಗಬಹುದಿತ್ತು. ಆದರೆ 1970ರ ದಶಕದ ಕಾರುಗಳಿಗೆ ಈಗ ಒಂದೊಂದಾಗಿ 50 ವರ್ಷ ತುಂಬುತ್ತಿದೆ. 2021ರ ಜುಲೈಯಲ್ಲಿ ಕೇಂದ್ರ ಸರ್ಕಾರ ಹೊರಡಿಸಿದ ನಿಯಮದ ಪ್ರಕಾರ, ಮೊದಲ ನೋಂದಣಿಯಾಗಿ 50 ವರ್ಷ ಮೀರಿದ, ಚಾಸಿ, ಮೈ, ಎಂಜಿನ್ನುಗಳಲ್ಲಿ ಮೂಲರೂಪ ಕಳೆದುಕೊಳ್ಳದ ಸ್ವಂತ ಬಳಕೆಯ ವಾಹನ 'ವಿಂಟೇಜ್' ಎನಿಸಿಕೊಳ್ಳಬಹುದು. ಎಂದರೆ, ಷೆಡ್ಡಿನ ಮೂಲೆಯಲ್ಲಿ ತಾರ್ಪಾಲು ಹೊದ್ದು ಕುಳಿತ ಒಂದು ಕಾರು ಗುಜರಿಯ ತಕ್ಕಡಿಗೆ ಹೋಗಬೇಕೋ, ಹೊಸ ನಂಬರು ಪಡೆದು ಉಳಿಯಬೇಕೋ ಎಂಬುದು ಅದು ಯಾವ ಕಾರು, ಯಾವ ವರ್ಷದ್ದು ಎಂಬ ಪ್ರಶ್ನೆಯ ಮೇಲೆ ನಿಂತಿದೆ. ಆದ್ದರಿಂದ ಆ ಕಾಲದ ಬ್ರಿಟಿಷ್ 'ಗ್ರ್ಯಾಂಡ್ ಟೂರಿಂಗ್' ಕಾರನ್ನು ಗುರುತು ಹಿಡಿಯುವ ಬಗೆ ಯಾವುದು, ನಮ್ಮ ಬೆಟ್ಟಸಾಲಿನಲ್ಲಿ ಆ ಗುರುತು ನಮ್ಮನ್ನು ಎಲ್ಲಿಗೆ ಕೊಂಡೊಯ್ಯುತ್ತದೆ ಎಂಬುದನ್ನು ಸ್ವಲ್ಪ ವಿಚಾರ ಮಾಡೋಣ.

ಗ್ರ್ಯಾಂಡ್ ಟೂರಿಂಗ್ ಎಂಬ ಮಾತು ಇಟಲಿಯ 'ಗ್ರಾನ್ ಟುರಿಸ್ಮೊ' ಎಂಬುದರಿಂದ ಬಂದದ್ದು. ಅದನ್ನೇ ಕುಗ್ಗಿಸಿ ಜಿ.ಟಿ. ಎನ್ನುತ್ತಾರೆ. ಪಂದ್ಯದ ಕಾರಿನ ವೇಗವೂ ದಿವಾನಖಾನೆಯ ಸುಖವೂ ಒಂದೇ ಮೈಯಲ್ಲಿ ಕೂಡಿರಬೇಕು. ಬೆಳಗ್ಗೆ ಹೊರಟು ಸಂಜೆಯೊಳಗೆ ಒಂದು ದೇಶವನ್ನೇ ದಾಟಿದರೂ ಇಳಿಯುವಾಗ ಸೊಂಟ ಹಿಡಿದಿರಬಾರದು. ಇದು ಅದರ ಆದರ್ಶ. ಮುಂದೆ ಉದ್ದನೆಯ ಬಾನೆಟ್ಟು, ಅದರೊಳಗೆ ದೊಡ್ಡ ಎಂಜಿನ್, ಎರಡು ಬಾಗಿಲು, ಮುಂದೆ ಇಬ್ಬರಿಗೆ ಧಾರಾಳವಾದ ಆಸನ, ಹಿಂದೆ ಮಕ್ಕಳಿಗೋ ಚೀಲಕ್ಕೋ ಸಾಕೆನ್ನುವಷ್ಟು ಜಾಗ, ಮಾಡು ಹಿಂದಕ್ಕೆ ಇಳಿಜಾರಾಗಿ ಸರಿದು ಬಾಲದಲ್ಲಿ ಕರಗುವ ಮೈಕಟ್ಟು. ಬೆಂಗಳೂರಿನಿಂದ ಹಾಸನದವರೆಗಿನ ಬಯಲು ದಾರಿ ಇಂಥ ಕಾರಿಗೆ ಹೇಳಿ ಮಾಡಿಸಿದ್ದು. ಆಮೇಲೆ ಬರುವ ಶಿರಾಡಿ ಘಾಟಿಯ ಮಾತೇ ಬೇರೆ.

ಹಾಗಾದರೆ 70ರ ದಶಕದ ಜಿ.ಟಿ.ಗಳನ್ನು ಒಂದರಿಂದ ಒಂದು ಬೇರ್ಪಡಿಸುವುದು ಹೇಗೆ? ಹೆಸರಿನ ಬಿಲ್ಲೆಯನ್ನು ಮಾತ್ರ ಮೊದಲು ನೋಡಬಾರದು. ಎರಡು ತಿರುಪು ಕಳಚಿದರೆ ಬಿಲ್ಲೆ ಬದಲಾಗುತ್ತದೆ. ಬದಲಿಸಲು ಕಷ್ಟವಾದದ್ದನ್ನು, ಬದಲಿಸಿದರೆ ದಂಡವಾಗುವಂಥದ್ದನ್ನು ನೋಡಬೇಕು. ಮಾಡಿನ ಗೆರೆ, ಗಾಜಿನ ಆಕಾರ, ಬಾನೆಟ್ಟಿನ ಕೀಲು ಇಂಥವು.

ಹಿಂದಿನ ಗಾಜು ದೊಡ್ಡ ಬೋಗುಣಿಯಂತೆ ಬಾಗಿ ಎರಡು ಪಕ್ಕಗಳಿಗೂ ಸುತ್ತಿಕೊಂಡಿದ್ದರೆ ಅದು ಜೆನ್ಸನ್ ಇಂಟರ್‌ಸೆಪ್ಟರ್. 1966ರಿಂದ 1976ರವರೆಗೆ ಬಂದ ಈ ಕಾರಿನ ರೂಪ ಇಟಲಿಯದು, ಎಂಜಿನ್ ಅಮೆರಿಕದ ಕ್ರೈಸ್ಲರ್ ಕಂಪನಿಯದು, ಮನೆ ಮಾತ್ರ ಇಂಗ್ಲೆಂಡಿನ ವೆಸ್ಟ್ ಬ್ರಾಮ್‌ವಿಚ್. ಇದಕ್ಕೆ ಎಫ್.ಎಫ್. ಎಂಬ ಒಬ್ಬ ಅಣ್ಣನುಂಟು. ನಾಲ್ಕು ಚಕ್ರಕ್ಕೂ ಶಕ್ತಿ ಹರಿಯುವ, ಬ್ರೇಕು ಹಾಕಿದಾಗ ಚಕ್ರ ಕಚ್ಚಿಕೊಳ್ಳದಂತೆ ತಡೆಯುವ ಏರ್ಪಾಡಿದ್ದ ಕಾರು ಅದು. ಒಟ್ಟು ತಯಾರಾದದ್ದು 320. ಸಾಮಾನ್ಯ ನೋಟಕ್ಕೆ ಎರಡೂ ಒಂದೇ. ಮುಂದಿನ ಚಕ್ರದ ಹಿಂದೆ ಗಾಳಿ ಹೊರಹೋಗುವ ಸೀಳು ಎರಡಿದ್ದರೆ ಎಫ್.ಎಫ್., ಇಲ್ಲದಿದ್ದರೆ ಅಲ್ಲ. ಇಷ್ಟು ದೊಡ್ಡ ವ್ಯತ್ಯಾಸ ಇಷ್ಟು ಚಿಕ್ಕ ಗುರುತಿನಲ್ಲಿ ಅಡಗಿರುವುದು ನನಗೆ ಯಾವಾಗಲೂ ಸೋಜಿಗದ ಸಂಗತಿ.

ಆಸ್ಟನ್ ಮಾರ್ಟಿನ್‌ನಲ್ಲಿ ದೀಪಗಳನ್ನು ಎಣಿಸಬೇಕು. ವಿಲಿಯಂ ಟೌನ್ಸ್ ರೂಪಿಸಿ 1967ರಲ್ಲಿ ಹೊರಬಂದ ಡಿ.ಬಿ.ಎಸ್. ಕಾರಿಗೆ ಮುಂದೆ ನಾಲ್ಕು ದೀಪ. 1972ರಲ್ಲಿ ಮುಖ ತಿದ್ದಿದ ಮೇಲೆ ಎರಡೇ. ಎಂ.ಜಿ.ಬಿ. ಜಿ.ಟಿ.ಗೆ ಹೊಳೆಯುವ ಲೋಹದ ಬಂಪರು ಇದ್ದರೆ ಅದು 1974ರ ಕೊನೆಗಿಂತ ಹಿಂದಿನದು. ಕಪ್ಪು ರಬ್ಬರಿನ ದಪ್ಪ ತುಟಿಯಿದ್ದರೆ ಅನಂತರದ್ದು. ಅಮೆರಿಕದ ಸುರಕ್ಷತಾ ನಿಯಮಗಳಿಗಾಗಿ ತುಟಿ ಬದಲಾಯಿತು, ಮೈಯೂ ಕೊಂಚ ಮೇಲಕ್ಕೆದ್ದಿತು. ನೋಟ ಕೆಟ್ಟಿತೆಂಬುದು ನನ್ನ ಅಭಿಪ್ರಾಯ, ಒಪ್ಪದವರೂ ಇದ್ದಾರೆ. ಇನ್ನು 1975ರ ಜಾಗ್ವಾರ್ ಎಕ್ಸ್.ಜೆ.ಎಸ್.; ಅದರ ಹಿಂಗಾಜಿನ ಎರಡು ಪಕ್ಕದಲ್ಲೂ ಗೋಡೆಗೆ ಕೊಟ್ಟ ಒತ್ತುಗಂಬದಂತೆ ಇಳಿದ ತಗಡಿನ ರೆಕ್ಕೆಗಳನ್ನು ಒಮ್ಮೆ ಕಂಡವರು ಮರೆಯಲಾರರು.

ಜೇಬಿನಲ್ಲಿ ಒಂದು ಪುಟ್ಟ ಅಯಸ್ಕಾಂತವಿದ್ದರೆ ಕೆಲಸ ಇನ್ನೂ ಹಗುರ. ಅದನ್ನು ಬಟ್ಟೆಯಲ್ಲಿ ಸುತ್ತಿ ಬಣ್ಣ ಗೀಚದಂತೆ ಮೈಗೆ ತಾಗಿಸಬೇಕು. ಜೆನ್ಸನ್, ಎಂ.ಜಿ., ಟ್ರಯಂಫ್ ಇವು ಉಕ್ಕಿನ ಮೈಯವು; ಕಾಂತ ಕಚ್ಚಿಕೊಳ್ಳುತ್ತದೆ. ಆಸ್ಟನ್ ಮಾರ್ಟಿನ್ ಅಲ್ಯೂಮಿನಿಯಮ್ಮಿನದು. ರಿಲಯಂಟ್ ಸಿಮಿಟರ್, ಲೋಟಸ್ ಇವುಗಳ ಮೈ ಗಾಜಿನ ನಾರನ್ನು ಅಂಟಿನಲ್ಲಿ ಎರಕ ಹೊಯ್ದದ್ದು. ಇವುಗಳ ಮೇಲೆ ಕಾಂತ ಜಾರಿಬೀಳುತ್ತದೆ. ಇವೆರಡರಲ್ಲಿ ಯಾವುದೆಂದು ತಿಳಿಯಲು ಬೆರಳ ಗೆಣ್ಣಿನಿಂದ ತಟ್ಟಿದರಾಯಿತು: ಲೋಹ ನಾದ ಕೊಡುತ್ತದೆ, ನಾರು ಒಣ ಸೋರೆಬುರುಡೆಯಂತೆ ಸದ್ದು ಮಾಡುತ್ತದೆ. ನಮ್ಮ ಕಡೆಯ ಮುಂಗಾರಿನಲ್ಲಿ ಈ ಪರೀಕ್ಷೆಯನ್ನು ತುಕ್ಕು ತಾನಾಗಿಯೇ ಮಾಡಿ ಮುಗಿಸಿರುತ್ತದೆಂಬುದೂ ನಿಜ.

ಕೊನೆಯ ಸಾಕ್ಷಿ ಅಂಕಿ ಅಕ್ಷರಗಳದು. ಎಂ.ಜಿ.ಬಿ. ಜಿ.ಟಿ.ಯ ಚಾಸಿ ನಂಬರು ಜಿ, ಎಚ್, ಡಿ, 5 ಎಂದು ಮೊದಲಾಗುತ್ತದೆ. ಜಿ ಎಂದರೆ ಎಂ.ಜಿ. ಮನೆತನ, ಎಚ್ ಎಂದರೆ ಎಂಜಿನ್ನಿನ ಗಾತ್ರದ ವರ್ಗ, ಡಿ ಎಂದರೆ ಮುಚ್ಚಿದ ಮಾಡು. ಅದೇ ಜಾಗದಲ್ಲಿ ಎನ್ ಇದ್ದರೆ ಅದು ತೆರೆದ ಕಾರು. ಮೇಲೆ ಯಾರಾದರೂ ಮಾಡು ಕೂರಿಸಿದ್ದರೂ ಹುಟ್ಟು ಬದಲಾಗುವುದಿಲ್ಲ. ಟ್ರಯಂಫ್ ನಂಬರಿನ ಕೊನೆಯಲ್ಲಿ ಎಲ್ ಎಂದಿದ್ದರೆ ಎಡಗಡೆ ಸ್ಟೀರಿಂಗ್ ಇಟ್ಟು ಹೊರದೇಶಕ್ಕೆ ಕಳುಹಿಸಿದ್ದು. ಟ್ರಿಪ್ಲೆಕ್ಸ್ ಕಂಪನಿಯ ಗಾಜಿನ ಮೂಲೆಯಲ್ಲಿ ಅಚ್ಚಾದ ಅಕ್ಷರಗಳ ಮೇಲೆ ಕೆಳಗೆ ಸಣ್ಣ ಚುಕ್ಕಿಗಳಿರುತ್ತವೆ. ಆ ಗಾಜು ತಯಾರಾದ ಕಾಲದ ಸಂಕೇತ ಅವು. ಕಾರಿನ ಎಲ್ಲ ಗಾಜುಗಳೂ ಒಂದೇ ಕಾಲವನ್ನು ಹೇಳಿ ಒಂದು ಮಾತ್ರ ಬೇರೆ ಹೇಳಿದರೆ, ಎಂದೋ ಒಂದು ದಿನ ಒಂದು ಕಲ್ಲು ತಾಗಿತೆಂದು ತಿಳಿಯಬಹುದು. ಶಾಸನ ಓದುವವರಿಗೆ ಈ ಸುಖ ಅಪರಿಚಿತವಲ್ಲ.

ಇಷ್ಟೆಲ್ಲ ವಿದ್ಯೆಯನ್ನು ಕಟ್ಟಿಕೊಂಡು ಮಂಜರಾಬಾದಿನ ಕೋಟೆಯಿಂದ ಆಲೂರಿನ ಕೆರೆಯವರೆಗೆ ಷೆಡ್ಡುಗಳನ್ನು ಹುಡುಕುತ್ತ ಹೊರಟರೆ ಏನು ಸಿಗುತ್ತದೆ? ಜೆನ್ಸನ್ ಸಿಗುವ ಭರವಸೆಯನ್ನು ನಾನಂತೂ ಕೊಡಲಾರೆ. ಅದಕ್ಕೆ ಕಾರಣ ಸರಳ. ಸ್ವಾತಂತ್ರ್ಯಾನಂತರ ನಮ್ಮ ದೇಶ ಸ್ವಂತ ಕಾರ್ಖಾನೆಗಳನ್ನು ಬೆಳೆಸಬೇಕೆಂದು ಹೊರಗಿನ ಕಾರುಗಳಿಗೆ ಬಾಗಿಲು ಹಾಕಿತು. 1950ರ ದಶಕದ ಮಧ್ಯದ ವೇಳೆಗೆ ಫೋರ್ಡ್, ಜನರಲ್ ಮೋಟರ್ಸ್ ಇಲ್ಲಿನ ಜೋಡಣೆಯ ಕೆಲಸವನ್ನು ಮುಚ್ಚಿ ಹೊರಟುಹೋದವು. 70ರ ದಶಕದಲ್ಲಿ ಹೊಸ ವಿದೇಶಿ ಕಾರೆಂದರೆ ರಾಯಭಾರಿಗಳದೋ ಭಾರಿ ಸುಂಕ ತೆತ್ತವರದೋ ಆಗಿರಬೇಕಿತ್ತು. ಅಲ್ಲದೆ ಆ ವೇಳೆಗೆ ಮಂಜರಾಬಾದಿನ ದೊರೆಗಳ ತೋಟಗಳಲ್ಲಿ ಹೆಚ್ಚಿನವು ಕೈ ಬದಲಾಯಿಸಿದ್ದವು. ದೊರೆ ಹೊರಟುಹೋದ ಮೇಲೆ ಹುಟ್ಟಿದ ಕಾರನ್ನು ದೊರೆ ಹೇಗೆ ತಾನೆ ಬಿಟ್ಟುಹೋದಾನು? ಕೇಳಿದ ಕತೆಯಲ್ಲಿ ಇಂಥ ಒಂದು ಗಂಟು ಕಂಡರೆ ಅಲ್ಲಿಯೇ ನಿಂತು ಲೆಕ್ಕ ಹಾಕುವುದು ಒಳ್ಳೆಯದು.

ಆದರೆ ಜಿ.ಟಿ. ಇಲ್ಲವೆಂದ ಮಾತ್ರಕ್ಕೆ ಅದರ ಬಂಧುಬಳಗ ಇಲ್ಲವೆಂದಲ್ಲ. ನನ್ನ ಆಸಕ್ತಿ ಇರುವುದು ಇಲ್ಲಿ.

ಸ್ಟ್ಯಾಂಡರ್ಡ್ ಹೆರಾಲ್ಡ್ ಕಾರನ್ನು ನೆನಪಿಟ್ಟವರು ನಮ್ಮಲ್ಲಿ ಇನ್ನೂ ಅನೇಕರಿದ್ದಾರೆ. ಅದರ ಮೂಲ ಇಂಗ್ಲೆಂಡಿನ ಟ್ರಯಂಫ್ ಹೆರಾಲ್ಡ್, 1959ರದು, ರೂಪಿಸಿದವನು ಇಟಲಿಯ ಜೊವಾನಿ ಮಿಕೆಲೊಟ್ಟಿ. ಈ ಕಾರು ಹುಟ್ಟಿದ ಕತೆ ಸ್ವಾರಸ್ಯದ್ದು. ಸ್ಟ್ಯಾಂಡರ್ಡ್-ಟ್ರಯಂಫ್ ಕಂಪನಿಗೆ ಕಾರಿನ ಮೈ ಮಾಡಿಕೊಡುತ್ತಿದ್ದ ಫಿಷರ್ ಅಂಡ್ ಲಡ್ಲೊ ಕಾರ್ಖಾನೆಯನ್ನು 1953ರಲ್ಲಿ ಪ್ರತಿಸ್ಪರ್ಧಿಯಾದ ಬಿ.ಎಂ.ಸಿ. ಕಂಪನಿ ಕೊಂಡುಕೊಂಡಿತು. ಇಡೀ ಮೈಯನ್ನು ಒಂದೇ ಕಡೆ ಮಾಡಿಸುವ ದಾರಿ ಮುಚ್ಚಿಹೋಯಿತು. ಆಗ ಅವರು ಹಳೆಯ ಪದ್ಧತಿಗೇ ಮರಳಿದರು: ಕೆಳಗೆ ಏಣಿಯಂಥ ಪ್ರತ್ಯೇಕ ಚಾಸಿ, ಮೇಲೆ ಬೇರೆ ಬೇರೆ ಕಡೆ ಮಾಡಿಸಿದ ತುಂಡುಗಳನ್ನು ಬೋಲ್ಟು ಹಾಕಿ ಬಿಗಿದ ಮೈ. ಅನಿವಾರ್ಯದಿಂದ ಬಂದ ಈ ಕಟ್ಟೋಣ ನಮ್ಮಂಥ ದೇಶಕ್ಕೆ ವರವಾಯಿತು. 1961ರಿಂದ ಮದರಾಸಿನ ಸ್ಟ್ಯಾಂಡರ್ಡ್ ಮೋಟರ್ ಪ್ರಾಡಕ್ಟ್ಸ್ ಆಫ್ ಇಂಡಿಯಾ ಅದನ್ನು 948 ಸಿ.ಸಿ. ಎಂಜಿನ್ನಿನೊಡನೆ ತಯಾರಿಸತೊಡಗಿತು, ಮುಂದೆ ಬ್ರಿಟನ್ನಿನಲ್ಲೇ ಇಲ್ಲದಿದ್ದ ನಾಲ್ಕು ಬಾಗಿಲಿನ ಹೆರಾಲ್ಡನ್ನೂ ಮಾಡಿತು. ಇದು ತಿರುಗಲು ಬೇಕಾದದ್ದು ಕೇವಲ 25 ಅಡಿ ವ್ಯಾಸದ ಜಾಗ. ಬಿಸಿಲೆ ಘಾಟಿಯ ಒಂದೊಂದು ತಿರುವಿನಲ್ಲಿ ಅಂಬಾಸಿಡರ್ ಹಿಂದೆ ಮುಂದೆ ಆಡುತ್ತಿರುವಾಗ ಹೆರಾಲ್ಡ್ ಒಂದೇ ಉಸಿರಿಗೆ ತಿರುಗಿ ಹೋಗಲು ಕಾರಣ ಇದು.

ಈ ಹೆರಾಲ್ಡಿನ ಚಾಸಿಯನ್ನೇ ಗಿಡ್ಡಮಾಡಿ, ಅದರ ಮೇಲೆ ಅದೇ ಮಿಕೆಲೊಟ್ಟಿಯ ಕೈಯಿಂದ ಹೊಸ ಮೈ ಹೊದಿಸಿ, 1962ರಲ್ಲಿ ಸ್ಪಿಟ್‌ಫೈರ್ ಎಂಬ ತೆರೆದ ಕಾರನ್ನು ಮಾಡಿದರು. ಅದಕ್ಕೆ ಮಾಡು ಕಟ್ಟಿ, ಆರು ಸಿಲಿಂಡರಿನ 2 ಲೀಟರ್ ಎಂಜಿನ್ ಇಟ್ಟದ್ದು ಟ್ರಯಂಫ್ ಜಿ.ಟಿ.6. ಇದು 1966ರಿಂದ 1973ರವರೆಗೆ ತಯಾರಾಯಿತು. ಆದ್ದರಿಂದ ಜಿ.ಟಿ.6 ಕಾರನ್ನು ಗುರುತು ಹಿಡಿಯಲು ಹೆರಾಲ್ಡ್ ಬಲ್ಲವನು ಅರ್ಧ ಪಾಠ ಕಲಿತೇ ಇರುತ್ತಾನೆ. ಎರಡರಲ್ಲೂ ಬಾನೆಟ್ಟು ನಾವು ಕಂಡ ಇತರ ಕಾರುಗಳಂತೆ ಬರಿಯ ಮುಚ್ಚಳವಲ್ಲ. ಮಡ್ಗಾರ್ಡು, ದೀಪ ಸಮೇತ ಮುಂಭಾಗವಿಡೀ ಮೊಸಳೆ ಬಾಯಿ ತೆರೆದಂತೆ ಮುಂದಕ್ಕೆ ಮಗುಚಿಕೊಳ್ಳುತ್ತದೆ. ಜಿ.ಟಿ.6ರಲ್ಲಿ ಆ ಬಾನೆಟ್ಟಿನ ನಡುವೆ ಉದ್ದಕ್ಕೆ ಒಂದು ಉಬ್ಬು. ನಾಲ್ಕು ಸಿಲಿಂಡರಿನ ಮನೆಯಲ್ಲಿ ಆರನ್ನು ಕೂರಿಸಿದ್ದರ ಫಲ ಅದು. ಹಿಂದಿನ ಚಕ್ರಗಳ ಏರ್ಪಾಡೂ ಮೊದಲಿಗೆ ಹೆರಾಲ್ಡಿನದೇ: ಅಡ್ಡಲಾಗಿ ಹಾಕಿದ ಪಟ್ಟಿಗಳ ಒಂದೇ ಸ್ಪ್ರಿಂಗು, ಎರಡು ಕಡೆ ರೆಕ್ಕೆಯಂತೆ ಮೇಲೆ ಕೆಳಗೆ ಆಡುವ ಆಕ್ಸಲ್. ಜೋರಾಗಿ ತಿರುವು ಹಾಕಿದರೆ ಹಿಂದಿನ ಚಕ್ರ ಒಳಕ್ಕೆ ಮಡಿಚಿಕೊಳ್ಳುವ ಚಟ ಇದಕ್ಕುಂಟು. 1968ರ ಜಿ.ಟಿ.6ರಲ್ಲಿ ಅದನ್ನು ತಿದ್ದಿದರು. ನಮ್ಮಲ್ಲಿ ಹೆರಾಲ್ಡಿನ ಮುಂದಿನ ಅವತಾರವಾದ 1971ರ ಸ್ಟ್ಯಾಂಡರ್ಡ್ ಗಜೆಲ್‌ನಲ್ಲಿ ಆ ಆಕ್ಸಲನ್ನೇ ತೆಗೆದುಹಾಕಿ ನೇರವಾದ ಗಟ್ಟಿ ಆಕ್ಸಲ್ ಕೊಟ್ಟರು. ಹಿಂದಿನಿಂದ ಬಗ್ಗಿ ನೋಡಿದರೆ ಹೆರಾಲ್ಡು ಯಾವುದು, ಗಜೆಲ್ ಯಾವುದು ಎಂದು ಹೇಳಿಬಿಡಬಹುದು.

ಎರಡನೆಯ ಬಂಧು ಹೆಚ್ಚು ಗೊಂದಲ ಹುಟ್ಟಿಸುವಂಥದ್ದು. ಸಕಲೇಶಪುರದ ಆಚೆಗಿನ ಒಂದು ತೋಟಕ್ಕೆ ಕಳೆದ ಮಾಗಿಯಲ್ಲಿ ನನ್ನನ್ನು ಕರೆಸಿದ್ದರು. ನಾನು ನಿವೃತ್ತ ಉಪಾಧ್ಯಾಯ. ಹಳೆಯ ಕಾರುಗಳ ಹುಚ್ಚು ಇದೆಯೆಂದು ಸುತ್ತಲ ಹತ್ತೂರಿಗೆ ಗೊತ್ತು. ಮನೆಯ ಯಜಮಾನಿತಿ ಎಂಬತ್ತರ ಹತ್ತಿರದವರು. ಕಾಫಿ ಕಣದ ಪಕ್ಕದ ಷೆಡ್ಡಿನಲ್ಲಿ ತಾರ್ಪಾಲು ಸರಿಸಿದಾಗ ಕಂಡದ್ದು ತಗ್ಗಾದ ಚೂಪು ಮೂತಿಯ, ಮಾಡು ಬಾಲದವರೆಗೆ ಜಾರಿದ, ಉದ್ದನೆಯ ಐದು ಬಾಗಿಲಿನ ಕಾರು.

"ಮೇಷ್ಟ್ರೇ, ಬೆಂಗಳೂರಿಂದ ಬಂದೋರು ಇದು ಎಪ್ಪತ್ತಾರನೇ ಇಸ್ವಿ ರೋವರ್ರು ಅಂತಾರೆ. ನಮ್ಮ ಯಜಮಾನ್ರು ಸ್ಟ್ಯಾಂಡರ್ಡ್ ಅಂತಿದ್ರು. ಯಾವ್ದು ನಿಜ?"

"ಎರಡ್ರಲ್ಲೂ ನಿಜ ಐತೆ ಅಮ್ಮಾವ್ರೆ. ಮೈ ಅವರದ್ದು, ಜೀವ ನಮ್ಮದು" ಎಂದೆ.

ರೋವರ್ 3500 ಅಥವಾ ಎಸ್.ಡಿ.1 ಎಂಬುದು 1976ರಲ್ಲಿ ಬಂದ ಬ್ರಿಟಿಷ್ ಕಾರು. ಡೇವಿಡ್ ಬೇಷ್ ಎಂಬಾತ ರೂಪಿಸಿದ್ದು. ಅದು ಕುಟುಂಬದ ಕಾರೇ ಹೊರತು ಕಟ್ಟುನಿಟ್ಟಾದ ಅರ್ಥದಲ್ಲಿ ಜಿ.ಟಿ. ಅಲ್ಲ, ಆದರೆ ಅದರ ಮುಖವನ್ನು ಬರೆಯುವಾಗ ಆತನ ಕಣ್ಣೆದುರಿಗಿದ್ದದ್ದು ಇಟಲಿಯ ಫೆರಾರಿ ಡೇಟೋನ ಎಂಬ ಜಿ.ಟಿ. 1977ರಲ್ಲಿ ಯೂರೋಪಿನ ವರ್ಷದ ಕಾರು ಎಂಬ ಪ್ರಶಸ್ತಿ ಇದಕ್ಕೆ ಬಂತು. ಅದರ ಹೃದಯ ವಿ ಆಕಾರದಲ್ಲಿ ಎಂಟು ಸಿಲಿಂಡರುಗಳನ್ನು ಜೋಡಿಸಿದ ಮೂರೂವರೆ ಲೀಟರಿನ ಹಗುರ ಎಂಜಿನ್. ಇದೇ ಮೈಯನ್ನು ಮದರಾಸಿನ ಸ್ಟ್ಯಾಂಡರ್ಡ್ ಕಂಪನಿ 1985ರಲ್ಲಿ ಸ್ಟ್ಯಾಂಡರ್ಡ್ 2000 ಎಂಬ ಹೆಸರಿನಿಂದ ನಮ್ಮ ದೇಶದಲ್ಲಿ ಹೊರತಂದಿತು. ನಮ್ಮ ರಸ್ತೆಗಾಗಿ ನೆಲದಿಂದ ಎತ್ತರಿಸಿತು. ಒಳಗೆ ಇಟ್ಟದ್ದು ಮಾತ್ರ 1991 ಸಿ.ಸಿ.ಯ ನಾಲ್ಕು ಸಿಲಿಂಡರಿನ ಹಳೆಯ ಎಂಜಿನ್. ಇದು 1940ರ ದಶಕದ ಸ್ಟ್ಯಾಂಡರ್ಡ್ ವ್ಯಾನ್‌ಗಾರ್ಡ್ ಕಾರಿನ ಸಂತಾನ. ಫರ್ಗ್ಯುಸನ್ ಟ್ರ್ಯಾಕ್ಟರಿನಲ್ಲಿ ಉಳುಮೆ ಮಾಡಿದ್ದೂ ಇದರ ಒಡಹುಟ್ಟು. ಫೆರಾರಿಯ ಮುಖ, ಟ್ರ್ಯಾಕ್ಟರಿನ ಎದೆ. ಬೆಲೆ ಹೆಚ್ಚು, ಹೊಟ್ಟೆಬಾಕತನ ಹೆಚ್ಚು. ಆ ವೇಳೆಗೆ ಪುಟ್ಟ ಮಾರುತಿ ಮನೆಮನೆಗೆ ಬರತೊಡಗಿತ್ತು. 1988ರ ಹೊತ್ತಿಗೆ ಸ್ಟ್ಯಾಂಡರ್ಡ್ 2000ರ ಆಟ ಮುಗಿಯಿತು. ಇದನ್ನು ಗೇಲಿ ಮಾಡುವವರುಂಟು. ಒಂದು ದೇಶ ತನಗೆ ಎಟುಕಿದ ಸಾಮಾನಿನಿಂದ ತನ್ನ ಅಳತೆಗೆ ಮೀರಿದ ಆಸೆಯನ್ನು ಕಟ್ಟಿನೋಡಿದ ವಸ್ತುವೆಂದು ನಾನು ಅದನ್ನು ಗೌರವದಿಂದಲೇ ಕಾಣುತ್ತೇನೆ.

ಬಾನೆಟ್ಟು ಎತ್ತಿದೆವು. ಎಂಟಲ್ಲ, ನಾಲ್ಕು, ವಿ ಆಕಾರವಲ್ಲ, ಒಂದೇ ಸಾಲು. ಬ್ರಿಟನ್ನಿನಲ್ಲೂ 1982ರಿಂದ ನಾಲ್ಕು ಸಿಲಿಂಡರಿನ ರೋವರ್ 2000 ಬಂದಿತ್ತು. ಅದರ ಎಂಜಿನ್ ಹೊಸ ಮಾದರಿಯದು, ಇದಲ್ಲ. ಮಸಿ ಒರೆಸಿ ಓದಿದ ಫಲಕದಲ್ಲಿ ಮದರಾಸಿನ ಕಂಪನಿಯ ಹೆಸರಿತ್ತು. ಪೆಟ್ಟಿಗೆಯಿಂದ ತೆಗೆಸಿದ ನೋಂದಣಿ ಪುಸ್ತಕದಲ್ಲಿ ಇಸವಿ 1986. 50 ವರ್ಷ ತುಂಬಲು 2036 ಬರಬೇಕು.

"ಮುಂದೆ ರೋವರ್ ಬಿಲ್ಲೆ ಹಾಕಿಸಿಬಿಡೋಣ, ಯಾರಿಗೆ ಗೊತ್ತಾಯ್ತದೆ ಅಂದ್ರು ಅವರು" ಎಂದರು ಆಕೆ, ನನ್ನ ಮುಖವನ್ನೇ ನೋಡುತ್ತ.

ರೋವರಿನ ಬಿಲ್ಲೆಯ ಮೇಲಿರುವುದು ಹಾಯಿಹಡಗಿನ ಚಿತ್ರ. ಅದನ್ನು ಹಚ್ಚುವುದು ಅರ್ಧ ಗಂಟೆಯ ಕೆಲಸ. ಹಚ್ಚಿದ ದಿನದಿಂದ ಅದು ಕಳಪೆ ರೋವರ್ ಆಗುತ್ತದೆ; ಹಚ್ಚದೆ ಬಿಟ್ಟರೆ ಮೂರೇ ವರ್ಷ ಬಂದು ಹೋದ ಒಂದು ಅಪರೂಪದ ಸ್ಟ್ಯಾಂಡರ್ಡ್. ಇದನ್ನೇ ಆಕೆಗೆ ಹೇಳಿದೆ. ಆಕೆ ಉತ್ತರ ಕೊಡಲಿಲ್ಲ. ತಾರ್ಪಾಲಿನ ತುದಿಯನ್ನು ತಾವೇ ಎಳೆದು ಹೊದಿಸಿದರು.

ಹೊರಡುವಾಗ ಷೆಡ್ಡಿನ ಇನ್ನೊಂದು ಕೊನೆಯಲ್ಲಿ ಹಲಗೆ, ಹಳೆಯ ಮೆಣಸಿನ ಚೀಲಗಳ ಅಡಿಯಲ್ಲಿ ಒಂದು ಗೆರೆ ಕಂಡಿತು. ಮಡ್ಗಾರ್ಡಿನ ಮೇಲೆ ದೀಪದವರೆಗೆ ಓಡುವ, ಚೂಪಾದ, ನನಗೆ ಚೆನ್ನಾಗಿ ಪರಿಚಯವಿರುವ ಗೆರೆ. ಅದೇನೆಂದು ಕೇಳಿದೆ.

"ಅದಾ? ಅದು ಕೋಳಿ ಗೂಡು ಮೇಷ್ಟ್ರೇ. ನಮ್ಮ ಮಾವನೋರ ಕಾಲದ ಗಾಡಿ. ಗುಜರಿಯೋನು ಬರೋ ಸೋಮವಾರ ತೂಕಕ್ಕೆ ಹಾಕ್ಕೊಂಡು ಹೋಗ್ತೀನಿ ಅಂದವ್ನೆ."

ಎರಡು ಬಾಗಿಲಿನ ಸ್ಟ್ಯಾಂಡರ್ಡ್ ಹೆರಾಲ್ಡ್. ಹಿಂದೆ ಬಗ್ಗಿ ಟಾರ್ಚು ಹಾಕಿದೆ: ರೆಕ್ಕೆಯ ಆಕ್ಸಲ್, ಅಡ್ಡ ಸ್ಪ್ರಿಂಗು. ಎರಡೂ ಪಕ್ಕದ ಕೊಂಡಿ ಕಳಚಿ ಬಾನೆಟ್ಟು ಮಗುಚಿದರೆ ಎಂಜಿನ್ ಅದರದೇ. ನಮ್ಮ ಕಡೆ ಅನೇಕ ಕಾರುಗಳಿಗೆ ಆದಂತೆ ಯಾರೂ ಡೀಸೆಲ್ ಎಂಜಿನ್ ತಂದು ತುರುಕಿರಲಿಲ್ಲ. ನಂಬರಿನ ಹಲಗೆಯಲ್ಲಿ ಮೈಸೂರು ರಾಜ್ಯದ ಕಾಲದ ಎಂ.ವೈ. ಅಕ್ಷರಗಳು. ಅದೇ ಪೆಟ್ಟಿಗೆಯಲ್ಲಿ ಇದರ ಪುಸ್ತಕವೂ ಇತ್ತು: 1967. ಪುಸ್ತಕದ ಎಂಜಿನ್ ನಂಬರು, ಎಂಜಿನ್ನಿನ ಮೇಲೆ ಕೊರೆದ ನಂಬರು ಎರಡೂ ಒಂದೇ.

ನಿಯಮ ಕೇಳುವುದು ಇಷ್ಟನ್ನೇ. 20,000 ರೂಪಾಯಿ ಶುಲ್ಕ, ಹತ್ತು ವರ್ಷದ ನೋಂದಣಿ, ನಂಬರಿನಲ್ಲಿ ವಿ.ಎ. ಎಂಬ ಎರಡು ಅಕ್ಷರ. ನಿತ್ಯ ಸಂತೆಗೆ ಓಡಿಸುವಂತಿಲ್ಲ. ಪ್ರದರ್ಶನಕ್ಕೆ, ಹಳೆಯ ಕಾರುಗಳ ಮೆರವಣಿಗೆಗೆ, ರಿಪೇರಿಗೆ, ಪೆಟ್ರೋಲಿಗೆ ತೆಗೆಯಬಹುದು. ತುಕ್ಕು ತಿಂದ ಭಾಗವನ್ನು ಸರಿಪಡಿಸುವಾಗ ಚಾಸಿಯನ್ನೇ ಬದಲಿಸಿಬಿಟ್ಟರೆ ಹಕ್ಕು ಹೋಗುತ್ತದೆಂಬ ಎಚ್ಚರ ಮಾತ್ರ ಇರಬೇಕು. ಧರ್ಮಸ್ಥಳದ ಸಂಗ್ರಹದಲ್ಲಿ ಹಳೆಯ ಕಾರುಗಳನ್ನು ನೋಡಿ ಬಂದಿದ್ದ ಆಕೆಯ ಮೊಮ್ಮಗ ಇದನ್ನೆಲ್ಲ ಕಿವಿಗೊಟ್ಟು ಕೇಳುತ್ತಿದ್ದ. ಜಿ.ಟಿ.6 ಕಾರಿನ ಚಿತ್ರವನ್ನು ಫೋನಿನಲ್ಲಿ ಹುಡುಕಿ, ಅದರ ತೆರೆದ ಬಾನೆಟ್ಟನ್ನೂ ಇದರದನ್ನೂ ಪಕ್ಕಪಕ್ಕದಲ್ಲಿ ಹಿಡಿದು, "ಅಜ್ಜಿ, ಇವೆರಡೂ ಅಣ್ಣತಮ್ಮ ಕಣಜ್ಜಿ" ಎಂದ.

ಆಕೆ ಸ್ವಲ್ಪ ಹೊತ್ತು ಕಾರನ್ನೂ ಅದರ ಹಿಂಸೀಟಿನಲ್ಲಿ ಕಾವು ಕೂತ ಹೇಂಟೆಯನ್ನೂ ನೋಡಿದರು. ಮರಿ ಎದ್ದ ಮೇಲೆ ಗೂಡನ್ನು ಬೇರೆ ಕಡೆಗೆ ಸಾಗಿಸುವಂತೆ ಆಳಿಗೆ ಹೇಳಿದರು. ಗುಜರಿಯವನಿಗೆ ಬರಬೇಡವೆಂದು ಫೋನು ಹೋಯಿತು. ಹುಡುಗ ತೋಟದ ಚೆಕ್‌ರೋಲ್ ಪುಸ್ತಕದ ಹಿಂದಿನ ಪುಟದಲ್ಲಿ ಎರಡು ಕಾರುಗಳ ಚಾಸಿ ನಂಬರು, ಎಂಜಿನ್ ನಂಬರುಗಳನ್ನು ಬೇರೆ ಬೇರೆಯಾಗಿ ಬರೆದುಕೊಂಡ. ರೋವರ್ ಎಂಬ ಶಬ್ದ ಆ ಪುಟದಲ್ಲಿ ಬರಲಿಲ್ಲ.